ದ್ವೀಪರಾಷ್ಟ್ರಗಳಲ್ಲಿ ಭೂಕಂಪ, ಜ್ವಾಲಾಮುಖಿ ಏಕೆ ಹೆಚ್ಚು? ಭೂವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಜಪಾನ್, ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಐಸ್‌ಲ್ಯಾಂಡ್‌ಗಳಿಂದ ಭೂಕಂಪದ ಅಥವಾ ಜ್ವಾಲಾಮುಖಿಯ ಸುದ್ದಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಬ್ರಿಟನ್, ಶ್ರೀಲಂಕಾಗಳೂ ದ್ವೀಪಗಳೇ, ಆದರೆ ಅಲ್ಲಿಂದ ಅಂಥ ಸುದ್ದಿ ಬರುವುದಿಲ್ಲ. ಸುತ್ತಲೂ ಸಮುದ್ರವಿರುವುದಕ್ಕೂ ನೆಲ ನಡುಗುವುದಕ್ಕೂ ಸಂಬಂಧವಿದೆಯೇ? ನನ್ನ ಹೈಸ್ಕೂಲು ವಿದ್ಯಾರ್ಥಿಗಳು ಕೇಳಿದ್ದಾರೆ, ದಯವಿಟ್ಟು ವಿವರಿಸಿ.

ಉತ್ತರ: ಸುತ್ತಲಿನ ಸಮುದ್ರ ಇದಕ್ಕೆ ಕಾರಣವಲ್ಲ, ಆಯಾ ದ್ವೀಪ ಹುಟ್ಟಿದ ಬಗೆಯನ್ನು ನೋಡಬೇಕು. ಬ್ರಿಟನ್ ಮತ್ತು ಶ್ರೀಲಂಕಾ ಎರಡೂ ಪಕ್ಕದ ಖಂಡದ ಮುಂದುವರಿದ ಭಾಗಗಳೇ. ಹಿಮಯುಗದಲ್ಲಿ ಸಮುದ್ರಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದಾಗ ನಡುವೆ ಒಣನೆಲವಿತ್ತು. ಹಿಮ ಕರಗಿ ನೀರು ಏರಿದ ಮೇಲೆ ಆ ತಗ್ಗು ಮುಳುಗಿ ಅವು ದ್ವೀಪಗಳೆನಿಸಿಕೊಂಡವು. ಭೂಮಿಯ ಹೊರಚಿಪ್ಪು ಭೂಫಲಕಗಳೆಂಬ ಬೃಹತ್ ತುಂಡುಗಳಾಗಿ ಒಡೆದಿದ್ದು, ಅವು ನಿಧಾನವಾಗಿ ಸರಿಯುತ್ತಿರುತ್ತವೆ. ಆ ಫಲಕಗಳ ಸಕ್ರಿಯ ಅಂಚುಗಳು ಎರಡರಿಂದಲೂ ಬಹಳ ದೂರದಲ್ಲಿವೆ. ಪೆಸಿಫಿಕ್ ಸಾಗರದ ಟೋಂಗಾ, ವನುವಾಟು, ಫಿಲಿಪ್ಪೀನ್ಸ್‌ಗಳಲ್ಲಿ ಹಾಗಲ್ಲ. ಅಲ್ಲಿ ಒಂದು ಭೂಫಲಕ ಇನ್ನೊಂದರ ಅಡಿಗೆ ನುಸುಳುತ್ತಿದ್ದು, ಅದರಿಂದೆದ್ದ ಜ್ವಾಲಾಮುಖಿಗಳೇ ಬಹುಪಾಲು ನೆಲವನ್ನು ಕಟ್ಟಿವೆ. ದ್ವೀಪವಾದ ಕಾರಣ ಜ್ವಾಲಾಮುಖಿ ಬಂದಿಲ್ಲ. ಜ್ವಾಲಾಮುಖಿ ಇರುವ ಕಾರಣ ಅಲ್ಲಿ ದ್ವೀಪವಿದೆ. ಜಪಾನ್ ಮಾತ್ರ ಕೊಂಚ ಮಿಶ್ರ ಪ್ರಕರಣ: ಅದರ ಅಡಿಪಾಯ ಸುಮಾರು 1.5 ಕೋಟಿ ವರ್ಷಗಳ ಹಿಂದೆ ಏಷ್ಯಾದಿಂದ ಬೇರ್ಪಟ್ಟು ದೂರ ಸರಿದ ತುಣುಕು, ಅದರ ಮೇಲೆ ಜ್ವಾಲಾಮುಖಿಗಳು ಬೆಳೆದಿವೆ.

ಭೂಕಂಪ ಹೇಗಾಗುತ್ತದೆ ಎಂಬುದಕ್ಕೂ ಜಪಾನನ್ನೇ ನೋಡಬಹುದು. ಅದರ ಈಶಾನ್ಯ ಕರಾವಳಿಯ ಆಚೆ ಪೆಸಿಫಿಕ್ ಫಲಕ ವರ್ಷಕ್ಕೆ ಸುಮಾರು 8 ಸೆಂಟಿಮೀಟರಿನಂತೆ ಕೆಳಗಿಳಿಯುತ್ತಿದೆ. ಎರಡು ಫಲಕಗಳು ತಾಗಿರುವ ಮೈ ನುಣುಪಾಗಿಲ್ಲವಾದ್ದರಿಂದ ಅವು ಅಲ್ಲಲ್ಲಿ ಕಚ್ಚಿಕೊಳ್ಳುತ್ತವೆ, ಕೆಳಗಿನದು ಇಳಿಯುತ್ತಲೇ ಇರುವುದರಿಂದ ಮೇಲಿನದರ ತುದಿ ಅದರೊಂದಿಗೆ ಎಳೆಯಲ್ಪಟ್ಟು ಬಾಗುತ್ತದೆ, ಶತಮಾನಗಳ ಕಾಲ ಕೂಡಿಟ್ಟ ಈ ಸೆಳೆತ ಒಂದು ದಿನ ನಿಮಿಷಗಳಲ್ಲಿ ಬಿಡುಗಡೆಯಾಗುತ್ತದೆ. 2011ರ ಮಾರ್ಚ್ 11ರಂದು ಸುಮಾರು 9 ಪ್ರಮಾಣದ ಭೂಕಂಪವಾದಾಗ, ಅಲ್ಲಿಯವರೆಗೆ ವರ್ಷ ವರ್ಷವೂ ಸೆಂಟಿಮೀಟರುಗಳ ಲೆಕ್ಕದಲ್ಲಿ ಪಶ್ಚಿಮಕ್ಕೆ ಸರಿಯುತ್ತಿದ್ದ, ಆ ಕರಾವಳಿಯ ಒಶಿಕಾ ಪರ್ಯಾಯದ್ವೀಪ ಒಮ್ಮೆಗೇ ಪೂರ್ವಕ್ಕೆ 5 ಮೀಟರಿಗೂ ಹೆಚ್ಚು ಜರುಗಿ, ಒಂದು ಮೀಟರಿನಷ್ಟು ಕುಸಿಯಿತು. ಫಲಕ ಕೆಳಗಿಳಿಯತೊಡಗುವ ಕಡೆ ಇರುವ ಆಳವಾದ ತಗ್ಗಿನ, ಅಂದರೆ ಸಾಗರ ಕಂದಕದ ಬಳಿ ಸಮುದ್ರತಳ ಜಾರಿದ್ದು ಸುಮಾರು 50 ಮೀಟರ್. ಮೇಲಿದ್ದ ನೀರು ಸುನಾಮಿಯಾಗಿ ನುಗ್ಗಿತು.

ಪ್ರಶ್ನೆ: ಸರ್, ಕೆಳಗಿಳಿಯುವ ಫಲಕ ತಣ್ಣಗಿರುತ್ತದೆಂದು ಓದಿದ್ದೇನೆ. ತಣ್ಣನೆಯ ಬಂಡೆ ಇಳಿಯುವ ಕಡೆ ಕುದಿಯುವ ಶಿಲಾಪಾಕ (ಕರಗಿದ ಬಂಡೆ) ಎಲ್ಲಿಂದ ಬರುತ್ತದೆ?

ಉತ್ತರ: ತುಂಬ ಒಳ್ಳೆಯ ಪ್ರಶ್ನೆ. ತಿಕ್ಕಾಟದ ಬಿಸಿಗೆ ಬಂಡೆ ಕರಗುತ್ತದೆ ಎಂಬ ವಿವರಣೆ ಅಲ್ಲಲ್ಲಿ ಕಾಣಸಿಗುತ್ತದೆ, ಅದು ಸರಿಯಲ್ಲ. ನಿಜವಾದ ಕೆಲಸ ಮಾಡುವುದು ನೀರು. ಕೋಟ್ಯಂತರ ವರ್ಷ ಸಮುದ್ರದಡಿ ಇದ್ದ ಫಲಕದ ಖನಿಜಗಳ ರಚನೆಯಲ್ಲಿಯೇ ನೀರು ಸೇರಿಕೊಂಡಿರುತ್ತದೆ. ಫಲಕ ಸುಮಾರು 100 ಕಿಲೋಮೀಟರ್ ಆಳ ತಲಪುವ ಹೊತ್ತಿಗೆ ಒತ್ತಡ, ಶಾಖಗಳಿಂದ ಆ ಖನಿಜಗಳು ಒಡೆದು ನೀರನ್ನು ಬಿಟ್ಟುಕೊಡುತ್ತವೆ. ಅದು ಮೇಲಿನ ಬಿಸಿ ಮ್ಯಾಂಟಲ್ (ಭೂಮಿಯ ಹೊರಪದರದ ಕೆಳಗಿನ ದಪ್ಪ ಪದರ) ಶಿಲೆಯನ್ನು ಹೊಕ್ಕಾಗ, ಉಪ್ಪು ಬೆರೆಸಿದ ಮಂಜುಗಡ್ಡೆ ಬೇಗ ಕರಗುವ ಹಾಗೆ, ಆ ಶಿಲೆಯ ಕರಗುವ ಉಷ್ಣತೆ ಇಳಿಯುತ್ತದೆ. ಅಂದರೆ ಕರಗುವುದು ಬಹುಮಟ್ಟಿಗೆ ಮೇಲಿನ ಶಿಲೆ. ಜ್ವಾಲಾಮುಖಿಗಳು ಕಂದಕದ ಪಕ್ಕದಲ್ಲಿರದೆ ನೂರಾರು ಕಿಲೋಮೀಟರ್ ಈಚೆಗೆ ಸಾಲುಗಟ್ಟಿ ನಿಲ್ಲುವುದೂ ಇದೇ ಕಾರಣಕ್ಕೆ. ನಕ್ಷೆಯಲ್ಲಿ ಜಾವಾ ದ್ವೀಪವನ್ನೂ ಅದರ ದಕ್ಷಿಣದ ಕಂದಕವನ್ನೂ ಮಕ್ಕಳಿಗೆ ಒಟ್ಟಿಗೆ ತೋರಿಸಿ, ಎರಡೂ ಒಂದಕ್ಕೊಂದು ಸಮಾಂತರವಾಗಿರುವುದು ಕಾಣುತ್ತದೆ. ಈ ಶಿಲಾಪಾಕ ಅಂಟಾಗಿದ್ದು, ಅದರಲ್ಲಿ ಅನಿಲ ಹೆಚ್ಚು. ಅದು ಹೊರಬರುವಾಗ ಹರಿಯುವುದಕ್ಕಿಂತ ಸಿಡಿಯುವುದೇ ಜಾಸ್ತಿ. ಇಂಡೊನೇಷ್ಯಾದ 1815ರ ತಂಬೋರಾ, 1883ರ ಕ್ರಕಟೋವಾ ಸ್ಫೋಟಗಳು ಹೀಗಾದವು.

ಪ್ರಶ್ನೆ: ಹಾಗಾದರೆ ಐಸ್‌ಲ್ಯಾಂಡ್? ಅಲ್ಲಿ ಯಾವ ಫಲಕವೂ ಕೆಳಗೆ ಇಳಿಯುತ್ತಿಲ್ಲವಲ್ಲ?

ಉತ್ತರ: ಇಳಿಯುತ್ತಿಲ್ಲ. ಅಲ್ಲಿ ಉತ್ತರ ಅಮೆರಿಕ ಮತ್ತು ಯುರೇಷ್ಯಾ ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ, ಆ ಬಿರುಕಿಗೆ ಕೆಳಗಿನಿಂದ ಶಿಲಾಪಾಕ ಏರುತ್ತದೆ. ಇಂಥ ಬಿರುಕು ಅಟ್ಲಾಂಟಿಕ್‌ನ ಉದ್ದಕ್ಕೂ ಇದೆಯಾದರೂ ಬಹುಪಾಲು ನೀರಿನಡಿಯೇ ಉಳಿದಿದೆ. ಐಸ್‌ಲ್ಯಾಂಡಿನ ಕೆಳಗೆ ಮ್ಯಾಂಟಲ್‌ನಿಂದ ಹೆಚ್ಚುವರಿ ಬಿಸಿ ಉಕ್ಕುವ ತಪ್ತಬಿಂದುವೂ ಇರುವುದರಿಂದ ಶಿಲೆ ದಪ್ಪವಾಗಿ ಪೇರಿಕೊಂಡು ಸಮುದ್ರದ ಮೇಲಕ್ಕೆ ಬಂದಿದೆ. ಅಲ್ಲಿನ ಲಾವಾ ಸಾಮಾನ್ಯವಾಗಿ ತೆಳು, ಬಿರುಕುಗಳಿಂದ ಹರಿದು ಹೋಗುತ್ತದೆ. ಭೂಕಂಪಗಳು ಅಸಂಖ್ಯ, ಆದರೆ 7ರ ಪ್ರಮಾಣ ಮೀರುವುದು ಅಪರೂಪ. ಬಿಸಿಯಾದ, ತೆಳುವಾದ ಪದರ ಸೀಳಿದರೂ ಸೀಳು ಚಿಕ್ಕದು. ಹೋಲಿಕೆಗೆ, ಫಲಕ ಕೆಳಗಿಳಿಯುವ ಕಡೆ ಆದ 2004ರ ಮಹಾಭೂಕಂಪದಲ್ಲಿ ಸುಮಾತ್ರಾದಿಂದ ಅಂಡಮಾನ್‌ವರೆಗೆ ಸೀಳಿದ ಉದ್ದ 1,200 ಕಿಲೋಮೀಟರಿಗೂ ಹೆಚ್ಚು. ಪ್ರಮಾಣದಲ್ಲಿ ಎರಡು ಅಂಕಿ ಹೆಚ್ಚಿದರೆ ಹೊರಬೀಳುವ ಶಕ್ತಿ ಸುಮಾರು ಸಾವಿರ ಪಟ್ಟು ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಪ್ರಶ್ನೆ: ಭೂಕಂಪವಾದರೆ ಹಿಂದೆಯೇ ಜ್ವಾಲಾಮುಖಿಯೂ ಸಿಡಿಯುತ್ತದೆಯೇ?

ಉತ್ತರ: ಸಿಡಿಯಲೇಬೇಕೆಂದಿಲ್ಲ. 2010ರಲ್ಲಿ ಭೀಕರ ಭೂಕಂಪ ಕಂಡ ಹೈಟಿಯಲ್ಲಿ ಸಕ್ರಿಯ ಜ್ವಾಲಾಮುಖಿಯೇ ಇಲ್ಲ. ಅಲ್ಲಿ ಫಲಕಗಳು ಮುಖ್ಯವಾಗಿ ಪರಸ್ಪರ ಪಕ್ಕದಲ್ಲಿ ಉಜ್ಜಿಕೊಂಡು ಸಾಗುತ್ತವೆ, ಶಿಲೆ ಕರಗುವ ಸಂದರ್ಭವೇ ಒದಗುವುದಿಲ್ಲ. 1707ರಲ್ಲಿ ಜಪಾನಿನ ಮಹಾಭೂಕಂಪವಾದ 49 ದಿನಗಳಿಗೆ ಫ್ಯೂಜಿ ಸಿಡಿಯಿತು, ನಿಜ. ಆದರೆ 2011ರ ಇನ್ನೂ ದೊಡ್ಡ ಭೂಕಂಪದ ನಂತರ ಅದು ಸುಮ್ಮನಿದೆ. ಶಿಲಾಪಾಕ ಆಗಲೇ ಸಿದ್ಧವಾಗಿದ್ದ ಪರ್ವತಕ್ಕೆ ಮಾತ್ರ ಕಂಪನ ನೆಪವಾಗಬಲ್ಲದು ಎಂಬುದು ನನ್ನ ತಿಳಿವಳಿಕೆ.

ಪ್ರಶ್ನೆ: ಇವುಗಳನ್ನು ಮೊದಲೇ ತಿಳಿಯಲು ಸಾಧ್ಯವೇ ಸರ್?

ಉತ್ತರ: ಜ್ವಾಲಾಮುಖಿಯನ್ನು ಹಲವು ಬಾರಿ ತಿಳಿಯಬಹುದು. ಶಿಲಾಪಾಕ ಏರುವಾಗ ಸಣ್ಣ ಕಂಪನಗಳು ಹೆಚ್ಚುತ್ತವೆ, ಬೆಟ್ಟದ ಮೈ ಉಬ್ಬುತ್ತದೆ, ಗಂಧಕದ ಅನಿಲ ಹೊಮ್ಮುತ್ತದೆ. ಸುಮಾರು 500 ವರ್ಷ ಮಲಗಿದ್ದ ಫಿಲಿಪ್ಪೀನ್ಸ್‌ನ ಪಿನಾಟುಬೊ 1991ರ ಜೂನ್ 15ರಂದು ಸಿಡಿಯುವ ಮೊದಲು ಈ ಗುರುತುಗಳನ್ನು ಓದಿಯೇ ಸಾವಿರಾರು ಜನರನ್ನು ತೆರವುಗೊಳಿಸಿದ್ದರು. ಭೂಕಂಪದ ದಿನ, ಗಳಿಗೆ ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ಜಪಾನಿನ ಮುನ್ನೆಚ್ಚರಿಕೆ ವ್ಯವಸ್ಥೆ ಮಾಡುವುದು ಇಷ್ಟೆ: ಭೂಕಂಪ ಆರಂಭವಾದ ಮೇಲೆ ಬೇಗ ಬರುವ ಮೊದಲ ಅಲೆಯನ್ನು ಹಿಡಿದು, ನಿಧಾನವಾಗಿ ಬರುವ ವಿನಾಶಕಾರಿ ಅಲೆ ತಲಪುವ ಮುನ್ನ ರೈಲುಗಳನ್ನು ನಿಲ್ಲಿಸಲು, ಮೇಜಿನಡಿ ಸೇರಲು ಕೆಲವು ಸೆಕೆಂಡುಗಳನ್ನು ಗಳಿಸಿಕೊಡುತ್ತದೆ. ಕಂಪನಕೇಂದ್ರಕ್ಕೆ ತೀರ ಹತ್ತಿರವಿರುವವರಿಗೆ ಆ ಸೆಕೆಂಡುಗಳೂ ಸಿಗುವುದಿಲ್ಲ, ಅಲ್ಲಿ ಜೀವ ಉಳಿಸುವುದು ಕಟ್ಟಡದ ಗಟ್ಟಿತನ ಮಾತ್ರ.