ಶಟ್‌ಡೌನ್ ಅರ್ಧಕ್ಕೇ ನಿಲ್ಲುತ್ತದೆ, ಸೀರಿಯಲ್ ಕನ್ಸೋಲ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಮಾನಿಟರ್ ಇಲ್ಲದ ಲಿನಕ್ಸ್ ಸರ್ವರ್, ನೋಡಲು ಸೀರಿಯಲ್ ಕೇಬಲ್ ಒಂದೇ ದಾರಿ. ರೀಬೂಟ್ ಕೊಟ್ಟರೆ ಕೆಲವು ಸಾಲು ಬಂದು ನಿಂತುಬಿಡುತ್ತದೆ. ಪ್ರತಿ ಸಲ ಪವರ್ ತೆಗೆಯಬೇಕಾಗಿದೆ. ಅನುಭವ ಇದ್ದವರು ತಿಳಿಸಿ.

ಉತ್ತರ: ಪವರ್‌ಗೆ ಕೈ ಹಾಕುವ ಮೊದಲು ಎರಡು ನಿಮಿಷ ಕಾದು ನೋಡಿ. ಸರ್ವಿಸ್ ತಾನಾಗಿ ನಿಲ್ಲಲಿ ಎಂದು ಸಿಸ್ಟಂಡಿ (ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಪ್ರೋಗ್ರಾಂ) ಸಾಮಾನ್ಯವಾಗಿ 90 ಸೆಕೆಂಡ್ ಬಿಡುತ್ತದೆ, ಆಮೇಲೆ ಕಿಲ್ ಮಾಡುತ್ತದೆ. ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂದು ಬಂದರೆ ಆ ಸಾಲಲ್ಲೇ ಯಾವ ಸರ್ವಿಸ್ ಎಂದೂ ಇರುತ್ತದೆ. ಕೆಲವರು ಸುಮ್ನೆ 90 ಅನ್ನು 10 ಮಾಡಿಬಿಡುತ್ತಾರೆ. ಡೇಟಾಬೇಸ್ ಓಡುತ್ತಿದ್ದರೆ ಹಾಗೆ ಮಾಡಬೇಡಿ, ದಯವಿಟ್ಟು.

ಉತ್ತರ: ನಿಂತದ್ದು ಸರ್ವರ್ರೋ ಕನ್ಸೋಲ್ಲೋ? ಅದು ಮೊದಲು ಗೊತ್ತಾಗಬೇಕು, ಅಲ್ವಾ? ಕರ್ನಲ್ ಕಮಾಂಡ್ ಲೈನ್‌ನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳಲ್ಲಿ) ಎರಡು ‘ಕನ್ಸೋಲ್=’ ಇದ್ದರೆ ಕರ್ನಲ್ ಸಂದೇಶ ಎರಡಕ್ಕೂ ಹೋಗುತ್ತದೆ, ಸಿಸ್ಟಂಡಿಯದ್ದು ಕೊನೆಯದಕ್ಕೆ ಮಾತ್ರ. ಹಾಗಾಗಿ ಟಿಟಿವೈಎಸ್0, ಅಂದರೆ ಮೊದಲ ಸೀರಿಯಲ್ ಪೋರ್ಟ್, ಕೊನೆಯಲ್ಲಿರಲಿ. ಇನ್ನೊಂದು, 115200ಎನ್8ಆರ್ ಎಂದು ಕೊಟ್ಟಿದ್ದೀರಾ? ಆ ‘ಆರ್’ ಎಂದರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್. ಮೂರೇ ತಂತಿಯ ಕೇಬಲ್‌ನಲ್ಲಿ ಸಿಟಿಎಸ್ (‘ಈಗ ಕಳಿಸಬಹುದು’ ಎಂಬ ಸಂಕೇತ) ಬರುವುದಿಲ್ಲ, ಕನ್ಸೋಲ್‌ಗೆ ಬರೆಯಲು ಹೋದ ಪ್ರೋಗ್ರಾಂ ಕಾಯುತ್ತಾ ಕೂರುತ್ತದೆ. ಗೊತ್ತಿಲ್ಲದೆ ಕಂಟ್ರೋಲ್-ಎಸ್ ಒತ್ತಿದ್ದರೂ ಪರದೆ ನಿಲ್ಲುತ್ತದೆ, ಕಂಟ್ರೋಲ್-ಕ್ಯೂ ಒತ್ತಿ.

ಉತ್ತರ: ಮೇಲಿನದು ಸರಿಯಿದ್ದೂ ನಿಂತರೆ ಸಿಸ್‌ಆರ್‌ಕ್ಯೂ (ಕರ್ನಲ್‌ಗೇ ನೇರವಾಗಿ ಆದೇಶ ಕೊಡುವ ಸೌಲಭ್ಯ) ಬಳಸಿ. ಇದನ್ನು ಜಾಸ್ತಿ ಜನ ಬಳಸುವುದೇ ಇಲ್ಲ, ಸೀರಿಯಲ್‌ನಲ್ಲಿ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಮೊದಲೇ ಕರ್ನಲ್.ಸಿಸ್‌ಆರ್‌ಕ್ಯೂ=1 ಮಾಡಿಟ್ಟುಕೊಳ್ಳಿ. ನಿಂತಾಗ ಬ್ರೇಕ್ (ಸೀರಿಯಲ್ ಲೈನ್‌ನ ಒಂದು ವಿಶೇಷ ಸಂಕೇತ) ಕಳಿಸಿ, 5 ಸೆಕೆಂಡ್ ಒಳಗೆ ಅಕ್ಷರ ಒತ್ತಿ. ಮಿನಿಕಾಂ ಎಂಬ ಸೀರಿಯಲ್ ಟರ್ಮಿನಲ್ ಪ್ರೋಗ್ರಾಂನಲ್ಲಿ ಬ್ರೇಕ್‌ಗೆ ಕಂಟ್ರೋಲ್-ಎ, ಆಮೇಲೆ ಎಫ್. ಮೊದಲು 9 ಒತ್ತಿ ಲಾಗ್ ಮಟ್ಟ ಏರಿಸಿ, ಇಲ್ಲದಿದ್ದರೆ ಔಟ್‌ಪುಟ್ ಕಾಣದೇ ಹೋಗಬಹುದು. ಮತ್ತೆ ಬ್ರೇಕ್, ಡಬ್ಲ್ಯೂ. ಕಿಲ್‌ಗೂ ಜಗ್ಗದೆ ಡಿ ಸ್ಥಿತಿಯಲ್ಲಿ ಕೂತ ಪ್ರೊಸೆಸ್‌ಗಳು, ಕರ್ನಲ್‌ನೊಳಗೆ ಅವು ಎಲ್ಲಿ ಸಿಕ್ಕಿಕೊಂಡಿವೆ ಎಂಬುದು ಬರುತ್ತದೆ. ನನ್ನ ಕಡೆ ಅದು ವಿಪಿಎನ್ ಮೂಲಕ ಮೌಂಟ್ ಆಗಿದ್ದ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿರುವ ಫೈಲ್ ಸಿಸ್ಟಂ). ವಿಪಿಎನ್ ಮೊದಲು ಇಳಿಯುತ್ತಿತ್ತು, ಅನ್‌ಮೌಂಟ್ ಉತ್ತರಕ್ಕಾಗಿ ಕಾಯುತ್ತಿತ್ತು. ಮೌಂಟ್ ಯೂನಿಟ್‌ಗೆ ‘ಆಫ್ಟರ್=’ ಕೊಟ್ಟು ವಿಪಿಎನ್ ಸರ್ವಿಸ್ ಹೆಸರು ಹಾಕಿದೆ, ಸರಿಹೋಯಿತು. ಶಟ್‌ಡೌನ್ ಆಗುವಾಗ ಆ ಕ್ರಮ ತಿರುಗುತ್ತದೆ, ಅನ್‌ಮೌಂಟ್ ಮೊದಲು ಆಗುತ್ತದೆ.

ಪವರ್ ಬದಲು ಎಸ್, ಯು, ಬಿ ಒಂದೊಂದಾಗಿ ಕಳಿಸಿ, ಪ್ರತಿಯೊಂದಕ್ಕೂ ಮೊದಲು ಬ್ರೇಕ್. ಡಿಸ್ಕ್‌ಗೆ ಬರೆದು, ರೀಡ್-ಓನ್ಲಿ ಮಾಡಿ, ರೀಬೂಟ್ ಆಗುತ್ತದೆ.

ಉತ್ತರ: ಕೊನೆಯ ಸಾಲು ‘ರೀಬೂಟ್: ರೀಸ್ಟಾರ್ಟಿಂಗ್ ಸಿಸ್ಟಂ’ ಆಗಿದ್ದರೆ ಸರ್ವಿಸ್‌ಗಳನ್ನು ಹುಡುಕಬೇಡಿ, ಅವೆಲ್ಲ ಮುಗಿದಿವೆ. ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್) ಆದರೆ ರೀಬೂಟ್ ವಿಧಾನ ಬದಲಿಸಲು ಕಮಾಂಡ್ ಲೈನ್‌ನಲ್ಲಿ ರೀಬೂಟ್=ಪಿಸಿಐ ಅಥವಾ ರೀಬೂಟ್=ಇಎಫ್ಐ ಕೊಟ್ಟು ನೋಡಿ.