ಮುಂದಿನ ಆಕ್ಸಲ್ ಲೊಡಲೊಡ ಅಂತಿದೆ: ಬುಶ್ ಹಾಕಿಸಿದರೆ ಸಾಕಾ, ಬೀಮೇ ಬದಲಿಸಬೇಕಾ?

ಅಣ್ಣಂದಿರೇ, ನಮ್ಮದು 35 ಎಚ್‌ಪಿಯ ಹಳೆ ಟ್ರ್ಯಾಕ್ಟರ್. ಕಲ್ಲುದಾರಿಯಲ್ಲಿ ಮುಂದುಗಡೆ ಲೊಡಲೊಡ ಸದ್ದು. ಮುಂದಿನ ಎರಡೂ ಟೈರಿನ ಒಳಅಂಚು ಸವೆದಿದೆ, ಸ್ಟೇರಿಂಗ್ ಅರ್ಧ ಗೇಣು ಸುಮ್ಮನೆ ತಿರುಗುತ್ತೆ. ಒಬ್ಬ ಮೆಕ್ಯಾನಿಕ್ ಆಕ್ಸಲ್ ಪೂರ್ತಿ ಬದಲಿಸಿ ಅಂತಾರೆ, ಇನ್ನೊಬ್ಬರು ಬುಶ್ (ಪಿನ್ ಕೂರುವ ಲೋಹದ ಒಳಕೊಳವೆ) ಸಾಕು ಅಂತಾರೆ. ಯಾವುದು ಸರಿ?

—

ದುಡ್ಡು ಬಿಚ್ಚೋ ಮೊದಲು ಪ್ಲೇ, ಅಂದರೆ ಸಡಿಲ ಎಲ್ಲಿದೆ ಅಂತ ಹುಡುಕಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ. ಬೀಮ್‌ಗೂ (ಆಕ್ಸಲಿನ ಅಡ್ಡ ತೊಲೆ) ಅದರ ಮೇಲಿನ ಮುಂದಿನ ಬ್ರಾಕೆಟ್‌ಗೂ ನಡುವೆ ಎರಡೂ ಕಡೆ ಮರದ ಬೆಣೆ ಬಡಿದು, ಬೀಮ್ ಕೆಳಗೆ ಜಾಕ್ ಕೊಟ್ಟು ಎತ್ತಿ. ಬೆಣೆ ಇಲ್ಲದಿದ್ದರೆ ಗಾಡಿ ಬೀಮಿನ ನಡುವಿನ ಸೆಂಟರ್ ಪಿನ್ ಮೇಲೆ ಒಂದು ಕಡೆಗೆ ವಾಲುತ್ತೆ.

ಈಗ ಟೈರನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ, ಇನ್ನೊಬ್ಬರು ಟಾರ್ಚ್ ಬಿಟ್ಟು ನೋಡಲಿ. ಹಬ್ (ಚಕ್ರದ ನಡುಭಾಗ) ಮಾತ್ರ ಅಲುಗಿದರೆ ಬೇರಿಂಗ್. ಹಬ್ ಜೊತೆ ಸ್ಟಬ್ ಆಕ್ಸಲ್ಲೂ (ಚಕ್ರ ಕೂರುವ ಗಿಡ್ಡ ಆಕ್ಸಲ್) ಅಲುಗಿದರೆ, ಸ್ಟೇರಿಂಗ್ ತಿರುಗಿಸಿದಾಗ ಅದು ತಿರುಗುವ ನಿಂತ ಪಿನ್ನಿನ ಬುಶ್ ಹೋಗಿದೆ. ಎಡ-ಬಲ ಹಿಡಿದು ಆಡಿಸಿದಾಗ ಸಡಿಲ ಕಂಡರೆ ಸ್ಟೇರಿಂಗ್ ರಾಡಿನ ಬಾಲ್ ಜಾಯಿಂಟ್, ಇಲ್ಲವೇ ಸ್ಟೇರಿಂಗ್ ಬಾಕ್ಸ್. ಸೆಂಟರ್ ಪಿನ್ ನೋಡೋಕೆ ಬೆಣೆ ತೆಗೆದು, ಮುಂದಿನ ಬ್ರಾಕೆಟ್ ಕೆಳಗೆ ಜಾಕ್ ಕೊಡಬೇಕು. ಎಂಜಿನ್ ಆಯಿಲ್ ಇರುವ ತಗಡಿನ ಸಂಪ್ ಕೆಳಗೆ ಕೊಟ್ಟೀರಿ ಜೋಕೆ. ಬೀಮನ್ನು ಸಬ್ಬಲ್‌ನಿಂದ ಮೀಟಿ ನೋಡಿ.

ಒಳಅಂಚು ಸವೆದಿದೆ ಅಂದ್ರಲ್ಲ, ಮೊದಲ ಅನುಮಾನ ನಿಂತ ಪಿನ್ನಿನ ಬುಶ್ ಮೇಲೆಯೇ. ಚಕ್ರ ಪಿನ್ನಿಗಿಂತ ಹೊರಗೆ ನೆಲ ಒತ್ತುವುದರಿಂದ, ಬುಶ್ ಸವೆದರೆ ಚಕ್ರದ ತಲೆ ಒಳಗೆ ವಾಲುತ್ತೆ. ಬಿಚ್ಚಿದಾಗ ಮೇಲಿನ ಬುಶ್ ಒಳಮಗ್ಗುಲಲ್ಲಿ, ಕೆಳಗಿನದು ಹೊರಮಗ್ಗುಲಲ್ಲಿ ತಿಂದಿರೋದು ಕಣ್ಣಿಗೇ ಕಾಣುತ್ತೆ.

—

ಲೇಥ್ ಕೆಲಸದ ಕಡೆಯಿಂದ ಎರಡು ಮಾತು. ಹಳೆ ಮ್ಯಾಸಿ, ಮಹೀಂದ್ರಾ, ಸ್ವರಾಜ್‌ಗಳಿಗೆ ಪಿನ್, ಬುಶ್ ಅಂಗಡಿಯಲ್ಲೇ ಸಿಗುತ್ತೆ. ಆದರೆ ಬುಶ್ ಕೂರುವ ಬೀಮಿನ ತೂತೇ ಮೊಟ್ಟೆಯಾಕಾರ ಆಗಿದ್ದರೆ ಹೊಸ ಬುಶ್ ತಿಂಗಳೊಪ್ಪತ್ತಿನಲ್ಲಿ ಒಳಗೇ ಸುತ್ತೋಕೆ ಶುರುಮಾಡುತ್ತೆ. ಬುಶ್ ತೆಗೆದ ಮೇಲೆ ತೂತನ್ನು ಒಳ ಅಳತೆಯ ಕ್ಯಾಲಿಪರ್‌ನಲ್ಲಿ ಅಡ್ಡ, ಉದ್ದ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ ಕಂಡರೆ ಬೋರ್ ಮಾಡಿಸಿ, ಆ ಅಳತೆಗೆ ದಪ್ಪ ಬುಶ್ ಮಾಡಿಸಿ. ಹೊರಗಿನಿಂದ ವೆಲ್ಡಿಂಗ್ ಚುಕ್ಕೆ ಇಟ್ಟು ಬುಶ್ ನಿಲ್ಲಿಸೋದು ಕೆಲಸ ಅಲ್ಲ.

ಬುಶ್ ಬಿಗಿಯಾಗಿ ಕೂರೋಕೆ ಅದರ ಹೊರ ಅಳತೆ ಬೀಮಿನ ತೂತಿಗಿಂತ ಸುಮಾರು 0.05 ಮಿ.ಮೀ. ಜಾಸ್ತಿ ಇರಬೇಕು. ಒತ್ತಿದ ಮೇಲೆ ಒಳಗಿನ ತೂತು ಕುಗ್ಗುತ್ತೆ, ಹಾಗಾಗಿ ರೀಮರ್ (ತೂತನ್ನು ಅಳತೆಗೆ ನಯವಾಗಿ ಅಗಲಿಸುವ ಹತಾರ) ಹಾಕೋದು ಆಮೇಲೆ. ಪಿನ್ನಿಗೂ ಬುಶ್‌ಗೂ ನಡುವೆ 0.1 ಮಿ.ಮೀ. ಆಸುಪಾಸು ಬಿಟ್ಟರೆ ಗ್ರೀಸಿಗೆ ಜಾಗ ಸಿಗುತ್ತೆ. ಸುತ್ತಿಗೆಯಿಂದ ಬಡಿದರೆ ಬುಶ್ ಬಾಯಿ ಅಗಲವಾಗುತ್ತೆ. ಉದ್ದ ಬೋಲ್ಟ್, ದಪ್ಪ ವಾಷರ್ ಹಾಕಿ ನಟ್ ಬಿಗಿದು ಎಳೆದು ಕೂರಿಸಿ. ಮುಖ್ಯವಾಗಿ, ಬುಶ್‌ನ ಗ್ರೀಸ್ ತೂತು ಗ್ರೀಸ್ ನಿಪ್ಪಲ್‌ಗೆ (ಗ್ರೀಸ್ ಹೊಡೆಯುವ ಬಾಯಿ) ನೇರ ಬರಲಿ. ಇದನ್ನು ಮರೆತ ಕೆಲಸ ಎಷ್ಟೋ ಬರುತ್ತವೆ, ನಿಪ್ಪಲ್ ಹೊಸದು, ಒಳಗೆ ಒಣ.

—

ಗ್ರೀಸ್ ಹೊಡೆಯೋದರಾಗೂ ತಪ್ಪು ಆಗ್ತದ್ರಿ. ಗಾಡಿ ನೆಲದ ಮ್ಯಾಲೆ ನಿಂತಾಗ ಭಾರಕ್ಕ ಸೆಂಟರ್ ಪಿನ್ ಬುಶ್‌ನ ತಳಕ್ಕ ಒತ್ತಿಕೊಂಡಿರ್ತದ. ಗ್ರೀಸ್ ಮ್ಯಾಲಿನ ಖಾಲಿ ಜಾಗಕ್ಕಷ್ಟೇ ಹೋಗ್ತದ, ಸವೆಯೋ ಜಾಗ ಒಣಾನ. ಬ್ರಾಕೆಟ್ ಕೆಳಗ ಜಾಕ್ ಕೊಟ್ಟು, ಆಕ್ಸಲ್ ಜೋತುಬಿಟ್ಟು ಹೊಡೀರಿ. ಹಳೇ ಕರಿ ಗ್ರೀಸ್ ಹೊರಗ ಬಂದು ಹೊಸದು ಕಾಣೋತನಕ ಬಿಡಬ್ಯಾಡ್ರಿ. ಕೆಸರಗದ್ದ್ಯಾಗ ಓಡಿಸ್ತಿದ್ರ ದಿನಾ ಸಂಜೀಗೆ ಹೊಡೀಬೇಕು, ನೀರು ಒಳಗ ಉಳಿದ್ರ ರಾತ್ರಿನೇ ತುಕ್ಕು ಹಿಡೀತದ.

—

ಧನ್ಯವಾದ. ಬಿಚ್ಚಿ ನೋಡಿದೆ, ನಿಂತ ಪಿನ್ನಿನ ಬುಶ್‌ಗಳೇ ಹೋಗಿವೆ. ಸೆಂಟರ್ ಪಿನ್ ಪರವಾಗಿಲ್ಲ. ಸ್ಟಬ್ ಆಕ್ಸಲ್ ಮೇಲೆ ಒಳಗಿನ ಬೇರಿಂಗ್ ಕೂರುವ ಜಾಗವೂ ತಿಂದಿದೆ. ವೆಲ್ಡಿಂಗ್ ತುಂಬಿಸಿ ಲೇಥಿಗೆ ಕೊಡಲಾ?

—

ಬೇಡಪ್ಪ. ಅಲ್ಲಿಯೇ ಭಾರ ಜಾಸ್ತಿ, ವೆಲ್ಡಿಂಗ್ ಬಿಸಿಗೆ ಆ ಬುಡ ಗಡುಸಾಗಿ ಬಿರುಕು ಬಿಡುತ್ತೆ. ಟ್ರೈಲರ್ ಜೊತೆ ರಸ್ತೆಯಲ್ಲಿ ಮುರಿದರೆ ಚಕ್ರ ಸಮೇತ ಹೋಗುತ್ತೆ. ಸ್ಟಬ್ ಆಕ್ಸಲ್ ಹೊಸದೇ ಹಾಕಿ, ಜೊತೆಗೆ ಥ್ರಸ್ಟ್ ಬೇರಿಂಗ್, ಹಬ್ ಸೀಲ್, ಸ್ಪ್ಲಿಟ್ ಪಿನ್. ಹಳೆ ಬೇರಿಂಗಿಗೆ ಹೊಸ ಕಪ್ (ಬೇರಿಂಗಿನ ಹೊರಬಳೆ) ಜೋಡಿ ಮಾಡಬೇಡಿ. ಹಬ್‌ನಲ್ಲಿ ಕಚ್ಚಿಕೊಂಡ ಹಳೆ ಕಪ್ ಒಳಮೈಗೆ ಒಂದು ಸುತ್ತು ವೆಲ್ಡಿಂಗ್ ಗೆರೆ ಎಳೆಸಿ, ಆರಿದ ಮೇಲೆ ಕುಗ್ಗಿ ತಾನೇ ಬೀಳುತ್ತೆ.

ಎಪಿ-3 ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲ ಬಾಯಿಂದ ಒತ್ತಿ ತುಂಬಿ, ಆ ಕಡೆ ರೋಲರ್ ಸಂದಿಯಿಂದ ಇಣುಕಬೇಕು. ಚಕ್ರ ತಿರುಗಿಸುತ್ತಲೇ ನಟ್ ಬಿಗಿಯಿರಿ, ತಿರುಗೋದು ಭಾರವಾದ ಮೇಲೆ ನಟ್‌ನಲ್ಲಿ ಮೊದಲು ಸಿಗುವ ಸೀಳಿಗೆ ಹಿಂದೆ ಬಿಟ್ಟು ಸ್ಪ್ಲಿಟ್ ಪಿನ್ ಹಾಕಿ. ಪೂರ್ತಿ ಬಿಗಿದಿಟ್ಟರೆ ಹಬ್ ಕೈ ಇಡಲಾಗದಷ್ಟು ಕಾಯುತ್ತೆ.

ಕೊನೆಗೆ ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮುಂಭಾಗ ತುಸು ಒಳಗೆ ತಿರುಗಿರೋದು. ಚಕ್ರ ನೇರ ಇಟ್ಟು, ಹಬ್ ಎತ್ತರದಲ್ಲಿ ಎರಡೂ ರಿಮ್ಮಿನ ಮುಂಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಗಾಡಿ ತಳ್ಳಿ ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಮುಂದಿನ ಅಳತೆ 3ರಿಂದ 6 ಮಿ.ಮೀ. ಕಡಿಮೆ ಇರಬೇಕು, ನಿಮ್ಮ ಗಾಡಿ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಎರಡು ದಿನ ಓಡಿಸಿದ ಮೇಲೆ ಜಾಕ್ ಎತ್ತಿ ಚಕ್ರ ಇನ್ನೊಮ್ಮೆ ಅಲುಗಾಡಿಸಿ ನೋಡಿ, ಹೊಸ ಕಪ್ ಕೂತುಕೊಂಡು ಒಂದಿಷ್ಟು ಸಡಿಲ ಆಗಿರುತ್ತೆ.