ಯುರೇನಿಯಂ ಮರಳಿಗೆ ‘ಶುದ್ಧೀಕರಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಳೆಯ ಯುರೇನಿಯಂ ಕಾರ್ಖಾನೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ಮೊದಲನೆಯದು ಟೇಲಿಂಗ್ಸ್. ಅದಿರನ್ನು ಪುಡಿಮಾಡಿ ಯುರೇನಿಯಂ ತೆಗೆದ ಮೇಲೆ ಉಳಿಯುವ ಪುಡಿ ಅದು. ‘ಕಸ’ ಅಂದರೆ ತೀರಾ ಹಗುರ. ‘ತ್ಯಾಜ್ಯ’ ಅಂದರೆ ಎಂಥ ತ್ಯಾಜ್ಯ ಅಂತ ಗೊತ್ತಾಗುವುದಿಲ್ಲ. ನೋಡೋಕೆ ಅದು ಬರೀ ಮರಳು. ಅದಕ್ಕೇ ಕೊಲರಾಡೊದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಜನ ಅದನ್ನು ಲೋಡುಗಟ್ಟಲೆ ತಂದು ಮನೆಯ ಪಾಯಕ್ಕೆ ತುಂಬಿದರು, ಕಾಂಕ್ರೀಟಿಗೆ ಕಲಸಿದರು. ಅದರಲ್ಲಿದ್ದ ರೇಡಿಯಂನಿಂದ ವಿಕಿರಣ ಸೂಸುವ ರೇಡಾನ್ ಅನಿಲ ಮನೆಯೊಳಕ್ಕೆ ಬಂತು. ಕೊನೆಗೆ 1972ರಲ್ಲಿ ಕಾಯ್ದೆ ಮಾಡಿ ಆ ಮರಳನ್ನು ಅಗೆಸಿ ತೆಗೆಸಬೇಕಾಯಿತು. ಖರ್ಚಿನ ಮುಕ್ಕಾಲು ಪಾಲು ಒಕ್ಕೂಟ ಸರ್ಕಾರದ್ದು, ಕಾಲು ಪಾಲು ಕೊಲರಾಡೊ ರಾಜ್ಯದ್ದು.

ನಮ್ಮ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಇಂಥದೇ ರಾಶಿಗೆ ‘ಸೈನೈಡ್ ದಿಬ್ಬ’ ಅಂತಾರೆ. ದಿಬ್ಬಕ್ಕೇನೋ ಹೆಸರಾಯಿತು. ಆ ಪುಡಿಗೆ ಗಣಿ ಕೆಲಸದವರು ಏನನ್ನುತ್ತಿದ್ದರು?

ಎರಡನೆಯದು ಜಾಸ್ತಿ ಕಷ್ಟ. ಮುಚ್ಚಿಹೋದ ಕಾರ್ಖಾನೆಗಳ ಈ ಮರಳಿಗಾಗಿ 1978ರಲ್ಲಿ ಇನ್ನೊಂದು ಕಾಯ್ದೆ ಬಂತು. ಇದರ ಕೆಲಸವನ್ನು ಸುಮ್ನೆ ‘ಶುದ್ಧೀಕರಣ’ ಅಂದುಬಿಡಬಹುದು. ಆದರೆ ನಡೆಯುವುದೇನು ನೋಡಿ. ರಾಜ್ಯ ಸರ್ಕಾರ ಜಾಗವನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕು. ಖರ್ಚಿನಲ್ಲಿ ನೂರಕ್ಕೆ 10 ಕೊಡಬೇಕು, ಉಳಿದ 90 ಒಕ್ಕೂಟದ್ದು. ನವಾಹೊ ಮುಂತಾದ ಮೂಲನಿವಾಸಿಗಳ ನೆಲದಲ್ಲಾದರೆ ಪೂರ್ತಿ ಒಕ್ಕೂಟದ್ದೇ. ಮರಳನ್ನು ಇದ್ದಲ್ಲೇ ಗುಡ್ಡೆ ಹಾಕಿಯೋ, ಬೇರೆಡೆಗೆ ಸಾಗಿಸಿಯೋ ಮೇಲೆ ಮಣ್ಣು, ಕಲ್ಲು ಹೊದಿಸುತ್ತಾರೆ. ಆಮೇಲೆ ಹೂತ ಜಾಗವನ್ನು ರಾಜ್ಯ ಒಕ್ಕೂಟಕ್ಕೆ ಬರೆದುಕೊಡುತ್ತದೆ, ಕಾವಲು ಅದರದ್ದು. ಹೊದಿಕೆ ಸಾಧ್ಯವಾದರೆ 1000 ವರ್ಷ, ಕಡಿಮೆ ಅಂದರೂ 200 ವರ್ಷ ತಡೆಯಬೇಕು ಅಂತ ನಿಯಮ. ಆ ಮರಳಲ್ಲಿ ರೇಡಿಯಂ ಹುಟ್ಟಿಸುತ್ತಲೇ ಇರುವ ಥೋರಿಯಂ ಅರ್ಧಕ್ಕಿಳಿಯೋಕೆ ಸುಮಾರು 75,000 ವರ್ಷ ಬೇಕು!

ಅಂದರೆ ಊರು ಶುದ್ಧವಾಗಬಹುದು, ಮರಳು ಆಗುವುದಿಲ್ಲ ಅಲ್ವಾ? ‘ಶುದ್ಧೀಕರಣ’ ಓದಿದವರು ವಿಷ ಹೋಯಿತು ಅಂದುಕೊಳ್ಳುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಯಾದಗಿರಿಯ ಗೋಗಿಯಲ್ಲೂ ಯುರೇನಿಯಂಗಾಗಿ ಅಗೆದು ನೋಡಿದ್ದಾರೆ. ಅಲ್ಲಿನವರು ಓದುವ ಕನ್ನಡದಲ್ಲಿ ಇಂಥ ಗೊಂದಲ ಇರಬಾರದು.

ಸದ್ಯಕ್ಕೆ ‘ಹೂತು ಕಾಯುವ ಕೆಲಸ’ ಅಂತ ಬರೆದಿದ್ದೇನೆ. ತಲೆಬರಹಕ್ಕೆ ಉದ್ದವಾಯಿತು. ಒಂದೇ ಪದದಲ್ಲಿ ಹೇಳಲು ದಾರಿಯಿದೆಯೇ? ಕಬ್ಬಿಣದ ಅದಿರಿನ ಇಂಥದೇ ಪುಡಿಯನ್ನು ತಡೆದಿಡಲು ಕಟ್ಟಿದ ಕುದುರೆಮುಖದ ಲಕ್ಯಾ ಅಣೆಕಟ್ಟಿನ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಅಲ್ಲಿ ಬಳಕೆಯಲ್ಲಿದ್ದ ಮಾತುಗಳನ್ನೂ ದಯವಿಟ್ಟು ತಿಳಿಸಿ.